ಹಾಸಿಗೆ ಒರಗಿಸಿದ ಕೋಣೆಯಲ್ಲಿ ಬ್ಯಾಂಡು

ರೆಕಾರ್ಡಿಂಗ್ ಶುರುವಾಗುವ ಮೊದಲು ಎಸಿ ಆರಿಸಬೇಕಾಗಿತ್ತು. ಆರಿಸದಿದ್ದರೆ ಅದರ ಗುಂಯ್ ಸದ್ದು ಮೈಕಿನೊಳಗೆ ಹೋಗಿ ಕೂತುಬಿಡುತ್ತಿತ್ತು. ಕಿಟಕಿಗಳಿಗೆ ಹಾಸಿಗೆಗಳನ್ನು ಒರಗಿಸಿ, ಬಾಗಿಲಿನ ಸಂದಿಗೆ ಕಂಬಳಿ ತುರುಕಿ, ಎಸಿ ಆರಿಸಿದರೆ ಆ ಕೋಣೆ ಇಡ್ಲಿ ಪಾತ್ರೆಯಂತಾಗುತ್ತಿತ್ತು. ದೋಹಾದ ಸೆಪ್ಟೆಂಬರ್ ತಿಂಗಳು. ಒಂದು ಹಾಡು ಮುಗಿಯುವಷ್ಟರಲ್ಲಿ ನಮ್ಮೆಲ್ಲರ ಅಂಗಿ ಬೆನ್ನಿಗೆ ಅಂಟಿಕೊಂಡು, ಕ್ಲಾರಿನೆಟ್ಟಿನ ಮೇಲಿನ ನನ್ನ ಬೆರಳುಗಳು ಜಾರುತ್ತಿದ್ದವು. ಪಕ್ಕದ ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ ಮಲಯಾಳಿ ರೆಕಾರ್ಡಿಸ್ಟ್ ಕಿವಿಯಿಂದ ಹೆಡ್‌ಫೋನ್ ತೆಗೆದು "ಏಕ್ ಔರ್ ಬಾರ್" ಎನ್ನುತ್ತಿದ್ದ. ನಾವು ಎಸಿ ಹಾಕಿಕೊಂಡು ಸ್ವಲ್ಪ ತಣಿದು, ಮತ್ತೆ ಆರಿಸಿ, ಮತ್ತೆ ನುಡಿಸುತ್ತಿದ್ದೆವು.

ಆ ಮನೆ ಅಲ್ ಅಜೀಜಿಯಾದಲ್ಲಿತ್ತು. ದೊಡ್ಡ ವಿಲ್ಲಾ ಒಂದನ್ನು ತುಂಡು ತುಂಡು ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಹಿಂಬದಿಯ ತುಂಡಿನಲ್ಲಿ ನಮ್ಮ ಲೀಡರ್ ಮತ್ತು ಅವರ ಹೆಂಡತಿ ಇದ್ದರು. ಲೀಡರ್ ಎಂದರೆ ಕಾಲೇಜಿನ ಬ್ಯಾಂಡಿನ ಲೀಡರ್. ನನಗಿಂತ ಎರಡು ವರ್ಷ ಹಿರಿಯರು, ಕೊಂಕಣಿ ಮನೆಮಾತಿನ ಕೆಥೊಲಿಕರು, ಟ್ರಂಪೆಟ್ ನುಡಿಸುವವರು. ದೋಹಾದ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಕಾಲೇಜು ಬಿಟ್ಟು ಅಷ್ಟು ವರ್ಷವಾದರೂ ನಮಗೆಲ್ಲ ಅವರು ಲೀಡರ್ ಆಗಿಯೇ ಉಳಿದಿದ್ದರು.

ಮಂಗಳೂರಿನ ಕಡೆಯ ನಮ್ಮ ಕಾಲೇಜನ್ನು ನಡೆಸುತ್ತಿದ್ದವರು ಪಾದ್ರಿಗಳು. ಬ್ಯಾಂಡ್ ಸೆಟ್ಟಿನಲ್ಲಿ ಮಾತ್ರ ಎಲ್ಲ ಜಾತಿಯವರೂ ಇದ್ದೆವು. ಕ್ರೀಡಾಕೂಟದ ದಿನ, ಸ್ವಾತಂತ್ರ್ಯೋತ್ಸವದ ದಿನ ಬಿಳಿ ಪ್ಯಾಂಟು, ಕೆಂಪು ಕೋಟು ಹಾಕಿಕೊಂಡು ಮೈದಾನದಲ್ಲಿ ಮಾರ್ಚ್ ಮಾಡುತ್ತಿದ್ದೆವು. ವರ್ಷಕ್ಕೊಮ್ಮೆ ಇಗರ್ಜಿಯ ಮೆರವಣಿಗೆಗೆ ಕೊಂಕಣಿ ಭಕ್ತಿಗೀತೆಗಳನ್ನು ನುಡಿಸುತ್ತಿದ್ದೆವು. ನಾನು ತುಳು ಮಾತಾಡುವ ಹಿಂದೂ ಮನೆಯವನು. ಬೇಸ್ ಡ್ರಮ್ ಹೊಡೆಯುತ್ತಿದ್ದವನು ಬ್ಯಾರಿ, ಅಂದರೆ ನಮ್ಮ ಕರಾವಳಿಯ ಮುಸ್ಲಿಮ, ನನ್ನದೇ ಕ್ಲಾಸಿನವನು. ಆ ಹಾಡುಗಳ ಮಾತು ನಮ್ಮಿಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ, ಸ್ವರ ಮಾತ್ರ ಬಾಯಿಪಾಠ. ಪರೀಕ್ಷೆಗೆ ಓದುತ್ತ ಕೂತಾಗಲೂ ಅವೇ ತಲೆಯಲ್ಲಿ ಸುತ್ತುತ್ತಿದ್ದವು.

ಲೀಡರ್ ಮನೆ ನಮ್ಮ ಊರಿನಿಂದ ಬಸ್ಸಿನಲ್ಲಿ ಸ್ವಲ್ಪವೇ ದೂರ. ಪ್ರಾಕ್ಟೀಸ್ ಮುಗಿಸಿ ಒಟ್ಟಿಗೇ ಬಸ್ಸು ಹತ್ತಿದರೆ ಅವರು ನನ್ನನ್ನು ಎಳೆದುಕೊಂಡು ತಮ್ಮ ಮನೆಗೆ ಕರೆದೊಯ್ಯುತ್ತಿದ್ದರು. ಅವರ ತಾಯಿಯನ್ನು ನಾನು ಬಾಯಮ್ಮ ಎಂದು ಕರೆಯುತ್ತಿದ್ದೆ. ನಮ್ಮ ಕಡೆ ಕ್ರಿಶ್ಚಿಯನ್ ಮನೆಯ ಹಿರಿಯ ಹೆಂಗಸರನ್ನು ಹಾಗೆಯೇ ಕರೆಯುವುದು. ಬಾಯಮ್ಮ ನನಗೆ ಇಡ್ಲಿಯಂಥ ಸನ್ನ, ಪದಾರ್ಥ ಬಡಿಸುವ ಮೊದಲು, ಪಾತ್ರೆಯಲ್ಲಿರುವುದು ಕೋಳಿ, ಬೇರೆ ಎಂತದೂ ಅಲ್ಲ ಎಂದು ಮುಚ್ಚಳ ತೆಗೆದು ತೋರಿಸುತ್ತಿದ್ದರು. ಊಟವಾದ ಮೇಲೆ ಜಗಲಿಯಲ್ಲಿ ಕೂತು ಮೆರವಣಿಗೆಯ ಹಾಡು ನುಡಿಸಲು ಹೇಳುತ್ತಿದ್ದರು. ಮಗನ ಟ್ರಂಪೆಟ್ಟಿಗಿಂತ ಅವರಿಗೆ ಕ್ಲಾರಿನೆಟ್ ಮೇಲೆ ಪ್ರೀತಿ. "ಟ್ರಂಪೆಟ್ ಊರಿಗೆಲ್ಲ ಹೇಳ್ತದೆ, ಕ್ಲಾರಿನೆಟ್ ಮನೆಯೊಳಗೆ ಮಾತಾಡ್ತದೆ" ಎಂದು ಒಮ್ಮೆ ಹೇಳಿದ್ದರು. ಮಗನಿಗೆ ಇದರಿಂದ ಬೇಸರವಾಗುತ್ತಿರಲಿಲ್ಲ. ಅವರು ನಗುತ್ತಿದ್ದರು.

ದೋಹಾಕ್ಕೆ ನಾನು ಬಂದದ್ದು ಒಂದು ಎಸಿ ಡಕ್ಟ್ ಕಂಪೆನಿಯ ಪರ್ಚೇಸ್ ವಿಭಾಗಕ್ಕೆ. ಮದುವೆಯಾದ ಮೇಲೆ ಅಲ್ ಮುಂತಜಾದ ಹಳೆಯ ಕಟ್ಟಡವೊಂದರಲ್ಲಿ ಮನೆ ಮಾಡಿದ್ದೆ. ಕೆಳಗಿನ ಬೀದಿಯಲ್ಲಿ ಚಹಾ, ಪರೋಟ ಮಾರುವ ಕೆಫೆಟೇರಿಯಾ ನಡೆಸುತ್ತಿದ್ದವನು ನಮ್ಮ ಬೇಸ್ ಡ್ರಮ್ಮಿನ ಬ್ಯಾರಿಯೇ ಎಂದು ತಿಳಿಯಲು ನನಗೆ ಒಂದು ಚಹಾ ಸಾಕಾಯಿತು. ಲೀಡರ್ ಸಿಕ್ಕಿದ್ದು ಅವನ ಮೂಲಕ. ಹೀಗೆ ಒಬ್ಬರಿಂದ ಒಬ್ಬರು ಸಿಕ್ಕಿ, ಆ ಕಾಲೇಜಿನಲ್ಲಿ ಬೇರೆ ಬೇರೆ ವರ್ಷಗಳಲ್ಲಿ ಊದಿ ಬಡಿದವರು ಒಂದು ಸಣ್ಣ ಗುಂಪಾದೆವು.

ಆ ವರ್ಷ ದೋಹಾದ ಹೊರವಲಯದಲ್ಲಿ ಮೊದಲ ಇಗರ್ಜಿ ತೆರೆಯಿತು. ಹೊರಗೆ ಶಿಲುಬೆ ಇಲ್ಲ, ಗಂಟೆ ಇಲ್ಲ, ಆದರೂ ಇಗರ್ಜಿ. ಅಲ್ಲಿಯವರೆಗೆ ಮನೆಗಳಲ್ಲಿ ಸದ್ದು ತಗ್ಗಿಸಿ ಪೂಜೆ ಕೇಳುತ್ತಿದ್ದ ಲೀಡರ್, ಮೊದಲ ಶುಕ್ರವಾರ ಅಲ್ಲಿಗೆ ಹೋಗಿ ಬಂದು ಫೋನಿನಲ್ಲಿ ನನ್ನೊಡನೆ ಮಾತನಾಡುತ್ತ ಅತ್ತಿದ್ದರು. ಕೆಲವು ದಿನಗಳ ನಂತರ ನಮ್ಮನ್ನೆಲ್ಲ ಕರೆದು, ಮೆರವಣಿಗೆಯ ಹಾಡುಗಳನ್ನು ಒಂದು ಸಿಡಿ ಮಾಡುವ ಎಂದರು. ಕಾಲೇಜಿನ ಬ್ಯಾಂಡು ನಿಂತುಹೋಗಿ ಆಗಲೇ ಬಹಳ ಕಾಲವಾಗಿತ್ತು. ಬಾಯಮ್ಮನಿಗೆ ಮಂಡಿ ನೋವು ಬಂದು ಮೆರವಣಿಗೆಯಲ್ಲಿ ನಡೆಯಲು ಆಗುತ್ತಿರಲಿಲ್ಲ. ಅವರು ಮನೆ ಹತ್ತಿರದ, ದಾರಿ ಬದಿಯ ಪುಟ್ಟ ಪ್ರಾರ್ಥನಾ ಮಂದಿರಕ್ಕೆ ಮಾತ್ರ ಹೋಗುತ್ತಿದ್ದರು. ಸಿಡಿ ಮುಖ್ಯವಾಗಿ ಅವರಿಗೆ ಎಂಬುದು ಯಾರೂ ಹೇಳದೆ ಎಲ್ಲರಿಗೂ ಗೊತ್ತಿತ್ತು. ಹಾಗಾಗಿಯೇ ಲೀಡರ್ ಯೇಸುವಿನ ತಾಯಿ ಮರಿಯಮ್ಮನ ಹಾಡೊಂದರ ನಡುವೆ ನನಗೆ ಒಂಟಿಯಾಗಿ ನುಡಿಸುವ ದೊಡ್ಡ ತುಂಡು ಇಟ್ಟಿದ್ದರು.

ಉಪವಾಸದ ತಿಂಗಳು ಬಂದಾಗ ಡ್ರಮ್ಮಿನವನು, ಈ ತಿಂಗಳು ತಾನು ಬರುವುದಿಲ್ಲ, ಈದಿನ ಪೆರ್ನಾಲ್ ಹಬ್ಬ ಆದ ಮೇಲೆ ಬಂದು ಹೊಡೆದುಕೊಡುತ್ತೇನೆ ಎಂದ. ಆಗಬಹುದು ಎಂದೆವು. ಡ್ರಮ್ಮಿನ ಜಾಗ ಖಾಲಿ ಬಿಟ್ಟು, ರೆಕಾರ್ಡಿಸ್ಟ್ ಹೆಡ್‌ಫೋನಿನಲ್ಲಿ ಕೇಳಿಸುವ ಟಿಕ್ ಟಿಕ್ ಸದ್ದಿಗೆ ಹೊಂದಿಸಿಕೊಂಡು ಉಳಿದವರು ನುಡಿಸಿದೆವು. ಶುಕ್ರವಾರ ಮಧ್ಯಾಹ್ನ ಲೀಡರ್ ಇಗರ್ಜಿಯಿಂದ ಬಂದು ಊಟ ಮಾಡಿದ ಮೇಲೆ ಕೆಲಸ ಶುರು. ಹತ್ತಿರದ ಮಸೀದಿಯ ಬಾಂಗ್ ಕೇಳಿದರೆ ನಿಲ್ಲಿಸಿ, ಎಸಿ ಹಾಕಿ, ಲೀಡರ್ ಹೆಂಡತಿ ಕೊಡುವ ತಣ್ಣನೆಯ ಶರಬತ್ತು ಕುಡಿಯುತ್ತಿದ್ದೆವು. ಅವರು ನರ್ಸು. ನಾನು ಅಕ್ಕ ಎನ್ನುತ್ತಿದ್ದೆ. ನಮ್ಮ ಮುಖ ಕೆಂಪಗಾದದ್ದು ಕಂಡು, ಯಾರಾದರೂ ತಲೆ ತಿರುಗಿ ಬಿದ್ದರೆ ತನ್ನ ಡ್ಯೂಟಿ ಮನೆಯಲ್ಲೇ ಆಗ್ತದೆ ಎಂದು ಬಯ್ಯುತ್ತಿದ್ದರು. ಅಷ್ಟು ಸಂತೋಷದ ಶುಕ್ರವಾರಗಳನ್ನು ನಾನು ಕತಾರಿನಲ್ಲಿ ಮತ್ತೆ ಕಂಡಿಲ್ಲ.

ಒಂದು ಭಾನುವಾರ ಆಫೀಸಿನಲ್ಲಿದ್ದಾಗ ಊರಿನಲ್ಲಿ ಗಲಾಟೆ ಎಂಬ ಸುದ್ದಿ ಬಂತು. ಇಗರ್ಜಿಗಳಿಗೆ, ಪ್ರಾರ್ಥನಾ ಮಂದಿರಗಳಿಗೆ ನುಗ್ಗಿದ್ದಾರೆ, ಗಾಜು ಒಡೆದಿದ್ದಾರೆ, ಬಸ್ಸು ನಿಂತಿದೆ. ಎಲ್ಲಿ, ಯಾವ ಊರು ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ನಾನು ಲೀಡರ್‌ಗೆ ಫೋನ್ ಮಾಡಿದೆ. ಅವರ ಲೈನು ಸಿಗಲಿಲ್ಲ. ಸಂಜೆ ಅವರೇ ಮಾಡಿದರು. ಬಾಯಮ್ಮನ ಆ ಪುಟ್ಟ ಮಂದಿರಕ್ಕೂ ಜನ ಬಂದಿದ್ದರಂತೆ. ಬೆಳಗಿನ ಪ್ರಾರ್ಥನೆ ನಡೆಯುತ್ತಿತ್ತು. ಕಲ್ಲು ಬಿದ್ದು ಕಿಟಕಿ ಒಡೆಯಿತು, ಮರಿಯಮ್ಮನ ಮೂರ್ತಿ ಪೀಠದಿಂದ ಉರುಳಿತು. ಎಲ್ಲರೂ ಹಿಂಬಾಗಿಲಿಗೆ ಓಡಿದರೆ ಬಾಯಮ್ಮ ಮಾತ್ರ ಮೂರ್ತಿ ಎತ್ತಲು ಬಗ್ಗಿದರು. ನೆಲದ ಮೇಲಿನ ಗಾಜು ಬಲಗೈಯನ್ನು ಅಂಗೈಯಿಂದ ಬೆರಳಿನವರೆಗೆ ಸೀಳಿತು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದ್ದಾರೆ, ಜೀವಕ್ಕೆ ಎಂತದೂ ಇಲ್ಲ ಎಂದರು ಲೀಡರ್. ನಮ್ಮವರು ನಿಮ್ಮವರು ಎಂಬ ಮಾತು ನಮ್ಮ ನಡುವೆ ಅಲ್ಲಿಯವರೆಗೆ ಬಂದದ್ದೇ ಇಲ್ಲ. ಆ ಸಂಜೆ ಮೊದಲ ಸಲ, ನಾನು ಯಾರ ಪೈಕಿ ಎಂದು ಲೀಡರ್ ಯೋಚಿಸುತ್ತಿರಬಹುದೇ ಎಂದು ನನಗೆ ಅನ್ನಿಸಿತು.

ಅದೇ ದಿನ ಮನೆಗೆ ಫೋನ್ ಮಾಡಿದೆ. ಅಮ್ಮ ಎತ್ತಿದರು. ಊರಲ್ಲಿ ಎಂತ ಆಯಿತು ಎಂದರೆ ಎಂತದೂ ಇಲ್ಲ ಎಂದರು. ತಮ್ಮ ಎಲ್ಲಿ ಎಂದರೆ ಮಲಗಿದ್ದಾನೆ ಎಂದರು. ಸಂಜೆ ಹೊತ್ತು ಅವನು ಮಲಗುವವನಲ್ಲ. ಮರುದಿನ ಮಾಡಿದಾಗ ಹೊರಗೆ ಹೋಗಿದ್ದಾನೆ ಎಂದರು. ಅದರ ಮರುದಿನ ಅವನ ಮೊಬೈಲಿಗೇ ಮಾಡಿದೆ.

ತಮ್ಮ ನನಗಿಂತ ಬಹಳ ಚಿಕ್ಕವನು; ಸಣ್ಣವನಿದ್ದಾಗ ಒಂದೆರಡು ಸಲ ನನ್ನೊಡನೆ ಬಾಯಮ್ಮನ ಮನೆಗೂ ಬಂದಿದ್ದ. ಅಪ್ಪ ತೀರಿಕೊಂಡ ಮೇಲೆ ಅವನ ಡಿಪ್ಲೊಮಾ, ಬಟ್ಟೆಬರೆ ಎಲ್ಲ ನನ್ನ ಮೇಲೆಯೇ ಇತ್ತು. ಆಗ ಅವನು ಪೇಟೆಯ ಒಂದು ಸಿಮೆಂಟು ಅಂಗಡಿಯಲ್ಲಿ ಕೆಲಸಕ್ಕಿದ್ದ. ನನ್ನೊಡನೆ ಕಡಿಮೆ ಮಾತು, ಆದರೆ ಸುಳ್ಳು ಹೇಳಿದವನಲ್ಲ.

"ಭಾನುವಾರ ನೀನು ಎಲ್ಲಿದ್ದೆ?" ಎಂದು ಕೇಳಿದೆ.

"ಎಲ್ಲರೂ ಹೋದ್ರು. ನಾನೂ ಹೋದದ್ದು."

"ಹೋಗಿ ಎಂತ ಮಾಡಿದ್ದು?"

"ಬಾಯಮ್ಮ ಒಳಗೆ ಇದ್ದದ್ದು ನನಗೆ ಗೊತ್ತಿರಲಿಲ್ಲ ಅಣ್ಣ" ಎಂದ.

ನಾನು ಬಾಯಮ್ಮನ ಸುದ್ದಿ ಎತ್ತಿಯೇ ಇರಲಿಲ್ಲ. ಕಲ್ಲು ಎಸೆದೆಯಾ ಎಂದು ಕೇಳಿದೆ. ಅವನು ಹೌದು ಎನ್ನಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. ಗುಂಪಿನ ಹಿಂದೆ ಇದ್ದೆ ಎಂದ, ಎಲ್ಲ ಒಂದು ಗಳಿಗೆಯಲ್ಲಿ ಆಗಿಹೋಯಿತು ಎಂದ. ಹೇಗೆ ಹೋದದ್ದು ಎಂದು ನಾನು ಯಾಕೆ ಕೇಳಿದೆನೋ ತಿಳಿಯದು. ಬೈಕಿನಲ್ಲಿ, ಹಿಂದೆ ಇಬ್ಬರನ್ನು ಕೂರಿಸಿಕೊಂಡು ಎಂದ.

ಆ ಬೈಕು ನಾನು ಕೊಡಿಸಿದ್ದು. ಅವನು ಡಿಪ್ಲೊಮಾ ಪಾಸಾದಾಗ, ಬಣ್ಣ ಯಾವುದು ಬೇಕು ಎಂದು ದೋಹಾದಿಂದ ಕೇಳಿ ಕೊಡಿಸಿದ್ದು. ಹಿಂದಿನ ರಜೆಯಲ್ಲಿ ಊರಿಗೆ ಹೋದಾಗ ರಾತ್ರಿ ಊಟಕ್ಕೆ ಕೂತವನು, ಪೊರ್ಬುಗಳ ಬಗ್ಗೆ, ಅಂದರೆ ಕ್ರಿಶ್ಚಿಯನ್ನರ ಬಗ್ಗೆ, ಬ್ಯಾರಿಗಳ ಬಗ್ಗೆ ಹೊಸ ಹೊಸ ಮಾತು ಆಡುತ್ತಿದ್ದ. ಅವನ ಬಾಯಿಯಲ್ಲಿ ಆ ಮಾತುಗಳು ಬೇರೆಯವರ ಅಂಗಿಯ ಹಾಗೆ ಕಾಣುತ್ತಿದ್ದವು. ನಾನು ಕೆಲವು ದಿನಕ್ಕೆ ಬಂದವನು, ಅಮ್ಮ ಖುಷಿಯಲ್ಲಿದ್ದಾರೆ, ಜಗಳ ಯಾಕೆ ಎಂದು ಮೀನಿನ ಮುಳ್ಳು ಬಿಡಿಸುತ್ತ ಕೂತಿದ್ದೆ. ನನ್ನ ಲೀಡರ್ ಯಾರು, ನನ್ನ ಡ್ರಮ್ಮಿನವನು ಯಾರು ಎಂದು ಅವನಿಗೆ ಒಂದು ಮಾತು ಹೇಳಬಹುದಿತ್ತು. ಹೇಳಿದ್ದರೆ ಅವನು ಹೋಗುತ್ತಿರಲಿಲ್ಲ ಎಂದು ನಾನು ಹೇಳಲಾರೆ. ಆದರೆ ಹೇಳಿರಲಿಲ್ಲ ಎಂಬುದು ಹೌದು.

ಹೆಂಡತಿಗೆ ಎಲ್ಲ ಹೇಳಿದೆ. ಅವಳು ಬಹಳ ಯೋಚಿಸಿ, ಲೀಡರ್‌ಗೆ ಹೇಳಬೇಡ ಎಂದಳು. ಹೇಳಿದರೆ ಅವರ ನೋವು ಕಡಿಮೆಯಾಗುವುದಿಲ್ಲ, ಹೆಚ್ಚೇ ಆಗ್ತದೆ, ಮಾಡಿದವನು ತಮ್ಮ, ನೀನು ಯಾಕೆ ಹೊತ್ತುಕೊಂಡು ತಿರುಗುತ್ತಿ ಎಂದಳು. ಅವಳ ಮಾತು ಸರಿ ಎಂದು ನನಗೂ ಅನಿಸಿತ್ತು.

ಆ ಶುಕ್ರವಾರ ರೆಕಾರ್ಡಿಂಗ್ ನಿಲ್ಲಿಸಬಹುದೆಂದು ಎಣಿಸಿದ್ದೆ. ಲೀಡರ್ ನಿಲ್ಲಿಸಲಿಲ್ಲ. ಬಾಯಮ್ಮ ಫೋನಿನಲ್ಲಿ, ಹಾಡು ಎಲ್ಲಿಗೆ ಮುಟ್ಟಿತು ಎಂದು ಕೇಳಿದ್ದರಂತೆ, ಬೇಗ ಮುಗಿಸುವ ಎಂದರು. ಉಳಿದವರು ಮುಂದೆ ಬಂದು ಅವರ ಕೈ ಹಿಡಿದುಕೊಂಡರು. ನಾನೂ ಹಿಡಿದೆ. ಅವರು ನನ್ನ ಕೈಯನ್ನು ಬೇರೆಯವರಿಗಿಂತ ಸ್ವಲ್ಪ ಹೆಚ್ಚೇ ಹೊತ್ತು ಹಿಡಿದುಕೊಂಡು, "ನೀನು ಬಂದದ್ದು ಒಳ್ಳೆಯದಾಯ್ತು" ಎಂದರು. ಆ ದಿನ ನನ್ನ ಕ್ಲಾರಿನೆಟ್ ಮತ್ತೆ ಮತ್ತೆ ಕೀಚಲಿಟ್ಟಿತು. ರೀಡು ಹಾಳಾಗಿದೆ ಎಂದೆ. ಹೊಸ ರೀಡು ಹಾಕಿದ ಮೇಲೂ ಹಾಗೆಯೇ ಆಯಿತು. ರೆಕಾರ್ಡಿಸ್ಟ್ ಹೆಡ್‌ಫೋನ್ ತೆಗೆದು ನನ್ನನ್ನೇ ನೋಡಿದ. ಲೀಡರ್ ನನ್ನ ಭುಜ ತಟ್ಟಿ, ಇವನ ಮನೆಯೂ ಅದೇ ಕಡೆ ಅಲ್ಲವಾ, ಮನಸ್ಸು ಸರಿ ಇಲ್ಲ, ಮುಂದಿನ ವಾರ ನೋಡುವ ಎಂದು ಎಲ್ಲರಿಗೂ ನನ್ನ ಪರವಾಗಿ ಹೇಳಿದರು. ಅವರು ಬಯ್ದಿದ್ದರೆ ಬಹುಶಃ ನಾನು ಸುಮ್ಮನಿರುತ್ತಿದ್ದೆ.

ಮುಂದಿನ ಶುಕ್ರವಾರ ಬೇರೆಯವರು ಬರುವ ಮೊದಲೇ ಹೋದೆ. ಲೀಡರ್ ಮೇಜಿನ ಮೇಲೆ ಬಟ್ಟೆ ಹಾಸಿ ಟ್ರಂಪೆಟ್ಟಿನ ಒತ್ತುವ ಬಿರಡೆಗಳನ್ನು ಬಿಚ್ಚಿ ಎಣ್ಣೆ ಹಾಕುತ್ತಿದ್ದರು. ನಾನು ಕೂರದೆ, ಒಂದೇ ಉಸಿರಿಗೆ ಹೇಳಿದೆ. ತಮ್ಮ ಅಲ್ಲಿಗೆ ಹೋಗಿದ್ದದ್ದು, ನಾನು ಕೊಡಿಸಿದ ಬೈಕಿನಲ್ಲಿ ಹೋದದ್ದು, ಕಲ್ಲಿನ ಬಗ್ಗೆ ಅವನು ಹೌದು ಇಲ್ಲ ಎನ್ನದೇ ಇದ್ದದ್ದು. ಅಕ್ಕ ಶರಬತ್ತಿನ ಜಗ್ಗು ಹಿಡಿದು ಬಾಗಿಲಿಗೆ ಬಂದವರು ಅಲ್ಲಿಯೇ ನಿಂತರು.

ಲೀಡರ್ ಬಿರಡೆಯನ್ನು ಬಟ್ಟೆಯಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು.

"ನನಗೆ ಯಾಕೆ ಹೇಳಿದ್ದು ಇದನ್ನು?" ಎಂದರು ಕೊನೆಗೆ.

"ನಿಮ್ಮ ಹತ್ರ ಮುಚ್ಚಿಡಲಿಕ್ಕೆ ನನಗೆ ಆಗಲಿಲ್ಲ."

"ನಿನಗೆ ಆಗಲಿಲ್ಲ. ಇನ್ನು ನಾನು ಮುಚ್ಚಿಡಬೇಕು." ಅವರ ಸ್ವರ ಏರಲಿಲ್ಲ. "ಅಮ್ಮ ದಿನಾ ಫೋನಿನಲ್ಲಿ ಕೇಳ್ತಾರೆ, ಯಾರು ಅಂತ ಗೊತ್ತಾಯ್ತಾ ಮಗಾ ಅಂತ. ಇಷ್ಟು ದಿನ ಗೊತ್ತಿಲ್ಲ ಅಂತ ಹೇಳ್ತಿದ್ದೆ. ಅದು ನಿಜ ಆಗಿತ್ತು. ಇವತ್ತು ನಾನು ಎಂತ ಹೇಳುದು?"

ಪೊಲೀಸರಿಗೆ ಹೇಳಬಹುದು, ನಾನು ಅಡ್ಡ ಬರುವುದಿಲ್ಲ ಎಂದೆ. ಹಾಗೆ ಹೇಳುವಾಗಲೇ ನನ್ನ ಅಮ್ಮನ ಮುಖ ಕಣ್ಣೆದುರು ಬಂದು, ಅವರು ಹೇಳದಿರಲಿ ಎಂದು ಒಳಗೇ ಬೇಡಿಕೊಳ್ಳುತ್ತಿದ್ದೆ. ಲೀಡರ್‌ಗೆ ಅದು ಕಂಡಿರಬೇಕು. ಅವರು ನನ್ನ ಮುಖ ನೋಡುವುದನ್ನು ಬಿಟ್ಟು, ಬಿರಡೆಗಳನ್ನು ಒಂದೊಂದಾಗಿ ಟ್ರಂಪೆಟ್ಟಿಗೆ ಹಾಕಿದರು. "ಇವತ್ತು ನೀನು ಹೋಗು" ಎಂದರು. ಅಕ್ಕ ದಾರಿ ಬಿಟ್ಟು ಸರಿದು ನಿಂತರು. ಗೇಟಿನವರೆಗೆ ಯಾರೂ ಬರಲಿಲ್ಲ.

ಹೇಳಿದರೆ ಭಾರ ಇಳಿಯುತ್ತದೆ ಎಂದು ನಾನು ನಂಬಿದ್ದೆ. ಟ್ಯಾಕ್ಸಿಯಲ್ಲಿ ಮುಂತಜಾಕ್ಕೆ ಬರುವಾಗ ಇಳಿದದ್ದೂ ಹೌದು. ಆ ಹಗುರವೇ ಆಮೇಲೆ ನನ್ನನ್ನು ಹೆಚ್ಚು ಕಾಡಿತು. ತಮ್ಮನ ತಪ್ಪಿಗೆ ನಾನು ಜವಾಬ್ದಾರನಲ್ಲ ಎಂದು ವಾದಿಸಬಹುದಿತ್ತು, ವಾದಿಸಿ ಗೆಲ್ಲಲೂಬಹುದಿತ್ತು. ಆದರೆ ನಾನೇ ಮಾಡಿದ ಇದರಲ್ಲಿ ವಾದಕ್ಕೆ ಜಾಗ ಇರಲಿಲ್ಲ. ಗಾಯಗೊಂಡ ತಾಯಿಯ ಮಗನ ತಲೆಯ ಮೇಲೆ ನನ್ನ ಹೊರೆಯನ್ನು ಇಟ್ಟು ಬಂದಿದ್ದೆ.

ಎರಡು ಶುಕ್ರವಾರ ನನಗೆ ಕರೆ ಬರಲಿಲ್ಲ. ನಾನೂ ಮಾಡಲಿಲ್ಲ. ಊರಿಗೆ ಮಾಡುವಾಗ ತಮ್ಮ ಫೋನಿಗೆ ಬರಲಿಲ್ಲ. ಬಂದರೂ ಚೆನ್ನಾಗಿದ್ದೀಯಾ, ಚೆನ್ನಾಗಿದ್ದೇನೆ ಎಂಬಷ್ಟೇ ಆಯಿತು. ಆಫೀಸಿನಲ್ಲಿ ಕೊಟೇಶನ್‌ಗಳ ಮುಂದೆ ಕೂತರೆ ಆ ಹಾಡಿನ ಸ್ವರ ಬರುತ್ತಿತ್ತು. ಬೆರಳು ತನ್ನಷ್ಟಕ್ಕೆ ಮೇಜಿನ ಮೇಲೆ ಆಡುತ್ತಿತ್ತು. ನಾನು ಅದನ್ನು ಹಿಡಿದು ನಿಲ್ಲಿಸುತ್ತಿದ್ದೆ.

ಪೆರ್ನಾಲ್ ಮುಗಿದ ವಾರ, ಶುಕ್ರವಾರ ಮಧ್ಯಾಹ್ನ, ಕೆಫೆಟೇರಿಯಾದ ಪಿಕಪ್ಪು ನಮ್ಮ ಕಟ್ಟಡದ ಕೆಳಗೆ ನಿಂತು ಹಾರ್ನ್ ಹೊಡೆಯಿತು. ಬಗ್ಗಿ ನೋಡಿದರೆ ಹಿಂದೆ ಬೇಸ್ ಡ್ರಮ್ಮನ್ನು ಹಗ್ಗದಲ್ಲಿ ಕಟ್ಟಿ ನಿಲ್ಲಿಸಲಾಗಿತ್ತು. ಡ್ರಮ್ಮಿನವನು ಮೆಟ್ಟಿಲು ಹತ್ತಿ ಬಂದು, ಕೂರದೆ, "ಯಲ್ಲಾ, ಹೊರಡು, ಪೆಟ್ಟಿಗೆ ತಗೋ" ಎಂದ.

ನಾನು ಬರುವುದಿಲ್ಲ ಎಂದೆ. ವಿಷಯ ಅವನಿಗೆ ಗೊತ್ತಿತ್ತು. ಲೀಡರ್ ಅವನ ಅಂಗಡಿಗೆ ಬಂದು, ಚಹಾ ತಣ್ಣಗಾಗುವವರೆಗೆ ಕೂತು, ಹೇಳಿ ಹೋಗಿದ್ದರಂತೆ. ಲೀಡರ್ ಕರೆದಿದ್ದಾರಾ ಎಂದು ಕೇಳಿದೆ.

"ಕರೆಯಲಿಲ್ಲ. ಬೇಡ ಅಂತಲೂ ಹೇಳಲಿಲ್ಲ" ಎಂದ. "ನೋಡು ಮಾರಾಯ, ನಿನಗೆ ಊರಲ್ಲಿ ತಮ್ಮ ಇದ್ದಾನೆ. ನನಗೂ ಇದ್ದಾನೆ. ಅವನು ನಾಳೆ ಎಂತ ಮಾಡ್ತಾನೆ ಅಂತ ಇಲ್ಲಿ ಕೂತು ನಾನು ಹೇಳ್ಲಿಕ್ಕೆ ಆಗ್ತದಾ? ಆ ಮುದುಕಿಗೆ ಕೇಳ್ಬೇಕಾದದ್ದು ನಿನ್ನ ಕ್ಲಾರಿನೆಟ್. ಅದನ್ನು ಕೊಡು. ಉಳಿದದ್ದು ಆಮೇಲೆ."

ಹೆಂಡತಿ ಒಳಗಿನಿಂದ ಕ್ಲಾರಿನೆಟ್ಟಿನ ಪೆಟ್ಟಿಗೆ ತಂದು ನನ್ನ ಕೈಗೆ ಕೊಟ್ಟಳು.

ಅಜೀಜಿಯಾದ ಆ ಕೋಣೆಗೆ ನಾವು ಹೋದಾಗ ಹಾಸಿಗೆಗಳು ಕಿಟಕಿಗೆ ಒರಗಿದ್ದವು. ಲೀಡರ್ ನನ್ನನ್ನು ನೋಡಿ ತಲೆಯಾಡಿಸಿದರು. ಬಾ ಎಂದೂ ಅಲ್ಲ, ಯಾಕೆ ಬಂದೆ ಎಂದೂ ಅಲ್ಲ. ಡ್ರಮ್ಮನ್ನು ಮೂಲೆಯಲ್ಲಿ ನಿಲ್ಲಿಸಿ ಅದರ ಚರ್ಮಕ್ಕೆ ಟವೆಲ್ ಹೊದಿಸಿದರು, ಸದ್ದು ಮಿತಿಮೀರದಿರಲಿ ಎಂದು. ಎಸಿ ಆರಿಸಿದರು. ಮರಿಯಮ್ಮನ ಹಾಡು ಶುರುವಾಯಿತು.

ನನ್ನ ತುಂಡು ಬಂದಾಗ ಕಣ್ಣು ಮುಚ್ಚಿದೆ. ಎಂದೂ ಕಣ್ಣು ಮುಚ್ಚಿ ನುಡಿಸುವವನಲ್ಲ ನಾನು. ಆ ದಿನ ಲೀಡರ್ ಮುಖ ನೋಡಲು ಧೈರ್ಯ ಬರಲಿಲ್ಲ. ಕೀಚಲು ಬರಲಿಲ್ಲ. ಮುಗಿದಾಗ ಅಡುಗೆಮನೆಯಿಂದ ರೆಕಾರ್ಡಿಸ್ಟ್ ಬಂದು ಹೆಬ್ಬೆರಳು ಎತ್ತಿ ತೋರಿಸಿದ. ಲೀಡರ್ ಮಾತ್ರ, "ಎರಡನೇ ಸಾಲಿನ ನಡುವೆ ಉಸಿರು ತಗೊಂಡೆ. ಅಲ್ಲಿ ತಗೊಳ್ಬಾರದು. ಇನ್ನೊಮ್ಮೆ" ಎಂದರು. ಇನ್ನೊಮ್ಮೆ ನುಡಿಸಿದೆ. ಅದು ಸಾಕಾಗದೆ ಮತ್ತೊಮ್ಮೆ ನುಡಿಸಿದೆ. ಅವರು ಅಷ್ಟು ಕಟ್ಟುನಿಟ್ಟಾಗಿದ್ದದ್ದು ನನಗೆ ಸಮಾಧಾನ ಕೊಟ್ಟಿತು. ಬ್ಯಾಂಡಿನಲ್ಲಿ ನನ್ನ ಜಾಗ ಇನ್ನೂ ಇತ್ತು. ಅದರ ಹೊರಗೆ ಏನು ಉಳಿದಿತ್ತು ಎಂದು ಕೇಳುವ ಹಕ್ಕು ನನಗಿರಲಿಲ್ಲ.

ಕ್ರಿಸ್ಮಸ್ಸಿಗೆ ಮೊದಲು ಸಿಡಿ ಸಿದ್ಧವಾಯಿತು. ಮಾರಲಿಕ್ಕಲ್ಲ, ಹಂಚಲಿಕ್ಕೆ. ಲೀಡರ್‌ಗೆ ಆ ಸಲ ರಜೆ ಸಿಗಲಿಲ್ಲ. ನನಗೆ ಸಿಕ್ಕಿತ್ತು. ಬಾಯಮ್ಮನಿಗೆ ನೀನೇ ಕೊಂಡುಹೋಗು ಎಂದು ಅವರು ಸಿಡಿಯನ್ನು ನನ್ನ ಕೈಗೆ ಕೊಟ್ಟಾಗ, ಅದು ವಿಶ್ವಾಸವೋ ಶಿಕ್ಷೆಯೋ ಎಂದು ನನಗೆ ತಿಳಿಯಲಿಲ್ಲ.

ಊರಿಗೆ ಹೋದ ಮರುದಿನ ತಮ್ಮನಿಗೆ, ಬಾಯಮ್ಮನ ಮನೆಗೆ ಬಿಡು ಎಂದೆ. ಅವನು ಎರಡು ಮಾತಾಡದೆ ಬೈಕು ತೆಗೆದ. ಮನೆ ಕಾಣುವ ತಿರುವಿನಲ್ಲಿ ಬೈಕು ನಿಲ್ಲಿಸಿದ. ಒಳಗೆ ಬಾ ಎಂದೆ.

"ಬೇಡ ಅಣ್ಣ" ಎಂದ, ಹ್ಯಾಂಡಲ್ಲನ್ನೇ ನೋಡುತ್ತ.

ಬಾಯಮ್ಮ ಜಗಲಿಯ ಕುರ್ಚಿಯಲ್ಲಿದ್ದರು. ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ಎರಡು ಬೆರಳು ಮಡಚುವುದಿಲ್ಲ, ಜಪಸರದ ಮಣಿ ಎಣಿಸಲು ಎಡಗೈ ಅಭ್ಯಾಸ ಮಾಡಿಕೊಂಡೆ ಎಂದರು, ಹವಾಮಾನದ ಸುದ್ದಿ ಹೇಳುವ ಹಾಗೆ. ಪಕ್ಕದ ಮನೆಯವರು ಸಿಡಿ ಪ್ಲೇಯರ್ ತಂದು ಹಚ್ಚಿದರು. ಮರಿಯಮ್ಮನ ಹಾಡು ಬಂದಾಗ ಬಾಯಮ್ಮ ಕೈಸನ್ನೆ ಮಾಡಿ ಎಲ್ಲರನ್ನೂ ಸುಮ್ಮನಿರಿಸಿದರು. ಕ್ಲಾರಿನೆಟ್ ನುಡಿಯುವಷ್ಟು ಹೊತ್ತು ನನ್ನನ್ನೇ ನೋಡುತ್ತಿದ್ದರು. ನನಗೆ ನೆಲ ಬಿಟ್ಟು ಬೇರೆ ಕಡೆ ನೋಡಲಾಗಲಿಲ್ಲ. ಹಾಡು ಮುಗಿದ ಮೇಲೆ, ಆ ಬಿಸಿಲ ದೇಶದಲ್ಲಿ ಕೂತು ನನಗೋಸ್ಕರ ಇಷ್ಟು ಮಾಡಿದಿರಲ್ಲ ಎಂದು ಎಡಗೈಯಿಂದ ನನ್ನ ತಲೆ ಮುಟ್ಟಿದರು.

ಕಾಲು ಹಿಡಿದು ಎಲ್ಲ ಹೇಳಿಬಿಡಬೇಕು ಎನಿಸಿತು. ಆದರೆ ಎಣ್ಣೆ ಬಟ್ಟೆ ಹಿಡಿದು ಕೂತಿದ್ದ ಲೀಡರ್ ಕೇಳಿದ ಪ್ರಶ್ನೆ ಕಿವಿಯಲ್ಲೇ ಇತ್ತು. ಹೇಳಿದರೆ ನನಗೆ ಹಗುರ. ಬಾಯಮ್ಮ ಅದನ್ನು ಎಲ್ಲಿ ಇಟ್ಟುಕೊಳ್ಳಬೇಕು? ನುಂಗಿಕೊಂಡೆ. ಅದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ.

ಹೊರಡುವಾಗ ಕುಸ್ವಾರಿನ ಪೊಟ್ಟಣ ಕಟ್ಟಿಸಿ ಕೊಟ್ಟರು. ಕ್ರಿಸ್ಮಸ್ಸಿನ ಕಜ್ಜಾಯಗಳು, ನೆವ್ರಿ, ಕಿಡಿಯೊ, ಎಳ್ಳುಂಡೆ. "ಮನೆಯಲ್ಲಿ ಎಲ್ಲರಿಗೂ ಕೊಡು. ತಮ್ಮ ಹೇಗಿದ್ದಾನೆ? ಈಗ ದೊಡ್ಡವನಾಗಿರ್ಬೇಕು" ಎಂದರು. ಚೆನ್ನಾಗಿದ್ದಾನೆ ಬಾಯಮ್ಮ ಎಂದೆ.

ತಿರುವಿನಲ್ಲಿ ತಮ್ಮ ಬೈಕಿಗೆ ಒರಗಿ ನಿಂತಿದ್ದ. ಪೊಟ್ಟಣ ನೋಡಿದ, ಅದೇನೆಂದು ಕೇಳಲಿಲ್ಲ. ಬೈಕು ಹತ್ತಿದ ಮೇಲೆ, ಮುಖ ತಿರುಗಿಸದೆ, ಕೈ ಹೇಗುಂಟು ಎಂದ. ಎರಡು ಬೆರಳು ಮಡಚುವುದಿಲ್ಲ ಎಂದೆ. ಅವನು ಕಿಕ್ ಹೊಡೆದ. ದಾರಿಯುದ್ದಕ್ಕೂ ಅವನ ಭುಜ ಹಿಡಿದುಕೊಂಡು ಕೂತಿದ್ದೆ. ಅದು ಅದುರುತ್ತಿತ್ತು. ಅವನು ಅಳುತ್ತಿದ್ದನೋ, ರಸ್ತೆಯೇ ಹಾಗಿತ್ತೋ ಹೇಳಲಾರೆ. ಮನೆಯಲ್ಲಿ ಅಮ್ಮ ಪೊಟ್ಟಣ ಬಿಚ್ಚಿ ಎಲ್ಲರಿಗೂ ಕೊಟ್ಟಾಗ ಅವನು ಹಸಿವಿಲ್ಲ ಎಂದು ಎದ್ದುಹೋದ. ಅವತ್ತು ರಾತ್ರಿ ನಾನು ಮೀನಿನ ಮುಳ್ಳು ಬಿಡಿಸುತ್ತ ಕೂರಲಿಲ್ಲ. ಲೀಡರ್ ಬಗ್ಗೆ, ಡ್ರಮ್ಮಿನವನ ಬಗ್ಗೆ, ಮುಚ್ಚಳ ತೆಗೆದು ತೋರಿಸುತ್ತಿದ್ದ ಬಾಯಮ್ಮನ ಬಗ್ಗೆ ಎಲ್ಲ ಹೇಳಿದೆ. ಅವನು ಕೇಳಿಸಿಕೊಂಡ. ಅದರಿಂದ ಅವನು ಬದಲಾದ ಎಂದು ಬರೆಯಲು ನನಗೂ ಆಸೆಯಿದೆ. ಆ ಗೆಳೆಯರೊಂದಿಗೆ ಆಮೇಲೂ ಓಡಾಡಿದ, ಮೊದಲಿಗಿಂತ ಸ್ವಲ್ಪ ಕಡಿಮೆ. ಗುಂಪು ಕಟ್ಟಿಕೊಂಡು ಹೋಗುವ ಕೆಲಸಕ್ಕೆ ಮತ್ತೆ ಹೋಗಲಿಲ್ಲ ಎಂದು ಅಮ್ಮ ಹೇಳುತ್ತಿದ್ದರು. ಅಷ್ಟು ನನಗೆ ಗೊತ್ತು.

ಮರುವರ್ಷ ಬಾಯಮ್ಮ ತೀರಿಕೊಂಡರು. ವಯಸ್ಸಾಗಿತ್ತು, ಸಕ್ಕರೆ ಕಾಯಿಲೆ ಇತ್ತು. ಕೈಗೂ ಸಾವಿಗೂ ಸಂಬಂಧವಿಲ್ಲ ಎಂದು ಅಕ್ಕ ನರ್ಸಿನ ಸ್ವರದಲ್ಲಿ ನನಗೆ ಬೇಕೆಂದೇ ಒತ್ತಿ ಹೇಳಿದರು. ಲೀಡರ್ ಮಣ್ಣಿಗೆ ಹೋಗಿ ಬಂದರು. ಸ್ವಲ್ಪ ಸಮಯದಲ್ಲೇ ಅವರಿಗೆ ನ್ಯೂಜಿಲೆಂಡಿನ ವೀಸಾ ಆಯಿತು. ಅಕ್ಕನ ನರ್ಸು ಕೆಲಸದ ಮೇಲೆ ಹೊರಡುವುದೆಂದು ನಿಶ್ಚಯವಾಯಿತು.

ಹೊರಡುವ ಮೊದಲು ಇಬ್ಬರನ್ನೂ ಊಟಕ್ಕೆ ಕರೆದೆವು. ಮುಂತಜಾದ ನಮ್ಮ ಮನೆಗೆ ಅವರು ಬರದೆ ಬಹಳ ಕಾಲವಾಗಿತ್ತು. ಹೆಂಡತಿ ಬಂಗುಡೆ ಮೀನಿನ ಪುಳಿಮುಂಚಿ ಸಾರು ಮಾಡಿದ್ದಳು. ಊಟದ ನಡುವೆ, ಅಕ್ಕ ಮತ್ತು ನನ್ನ ಹೆಂಡತಿ ಅಡುಗೆಮನೆಯಲ್ಲಿದ್ದಾಗ, ಲೀಡರ್ ಕೈ ನಿಲ್ಲಿಸಿದರು.

"ಅಮ್ಮನಿಗೆ ನಾನು ಹೇಳ್ಲೇ ಇಲ್ಲ" ಎಂದರು.

"ನಾನೂ ಹೇಳಲಿಲ್ಲ."

"ಗೊತ್ತುಂಟು. ನೀನು ಹೇಳಿದ್ರೆ ಅವರು ನನಗೆ ಹೇಳ್ತಿದ್ರು." ತಟ್ಟೆಯ ಅನ್ನವನ್ನು ಬೆರಳಲ್ಲಿ ಒಟ್ಟು ಮಾಡಿದರು. "ಕೊನೆಯವರೆಗೂ ಕೇಳಿದ್ರು, ಯಾರು ಅಂತ. ಗೊತ್ತಿಲ್ಲ ಅಂದೆ. ಸಾಯುವ ತಾಯಿಗೆ ಸುಳ್ಳು ಹೇಳಿದ ಹಾಗಾಯ್ತು. ಪಾಪನಿವೇದನೆಯಲ್ಲಿ ಪಾದ್ರಿಗೆ ಹೇಳಿದೆ. ಅವರು ಕ್ಷಮೆ ಕೊಟ್ರು. ನನಗೆ ಸಾಕಾಗಲಿಲ್ಲ."

ನನ್ನಿಂದ ಆದದ್ದು ಎಂದೆ.

"ಹೌದು" ಎಂದರು ಅವರು. "ನಿನ್ನ ಮೇಲೆ ಸಿಟ್ಟು ಇತ್ತು. ಈಗಲೂ ಸ್ವಲ್ಪ ಉಂಟು. ಆದ್ರೆ ನಾನು ಇದನ್ನು ಮಾತಾಡ್ಲಿಕ್ಕೆ ಆಗುದು ನಿನ್ನ ಹತ್ರ ಮಾತ್ರ, ಎಂತ ಮಾಡುದು."

ಹೆಂಡತಿ ಒಳಗಿನಿಂದ ಬಂದು, ಸಾರು ಹಾಕಲಾ ಎಂದು ಕೇಳಿದಳು. ಲೀಡರ್ ತಟ್ಟೆಯನ್ನು ಮುಂದೆ ಚಾಚಿ, ಮೀನಿನ ತಲೆ ಇದ್ದರೆ ಹಾಕಿ ಎಂದರು.